ಉಪ್ಪಿನಾಗರದ ಕತ್ತೆ

ಮರಿದೇವ ಎಂಬ ಶಿಷ್ಯ ಗುರುಗಳ ಬಳಿ ಬಂದು ಕುಳಿತು ಕೇಳಿದ:

"ಗುರುಗಳೇ, ನಂಟುಗಳೆಲ್ಲ ಕಟ್ಟುಗಳೇ ಎಂದು ತಿಳಿದು ಎಲ್ಲವನ್ನೂ ಬಿಟ್ಟು ಬಂದೆ. ಇವತ್ತು ನನ್ನ ಅಕ್ಕ ಊರಿನಿಂದ ನಡೆದು ಬಂದಿದ್ದಳು. ನಾನು ಹೊರಗೆ ಹೋಗಲಿಲ್ಲ. ನನಗೆ ಅಕ್ಕ ಇಲ್ಲವೆಂದು ಹೇಳಿ ಕಳಿಸಿದೆ. ಅವಳು ಸ್ವಲ್ಪ ಹೊತ್ತು ನಿಂತಿದ್ದು ಹೋದಳಂತೆ. ಕಟ್ಟು ಕಡಿದ ಮೇಲೆ ಮನಸ್ಸು ಹಗುರವಾಗಬೇಕಿತ್ತು. ಏಕೆ ಆಗಲಿಲ್ಲ?"

ಗುರುಗಳು ಈ ಕತೆ ಹೇಳಿದರು.

ಕಡಲತೀರದಲ್ಲಿ ಒಬ್ಬ ಒಡೆಯನಿಗೆ ಉಪ್ಪಿನಾಗರವೊಂದಿತ್ತು. ಸಮುದ್ರದ ನೀರನ್ನು ಪಾತಿಗಳಿಗೆ ಹಾಯಿಸಿ, ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುವ ಜಾಗ ಅದು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕೆಸರಿನ ಬಯಲು. ಉಬ್ಬರದ ಹೊತ್ತಿಗೆ ಆ ಬಯಲಿನ ತುಂಬ ನೀರು ಏರುತ್ತಿತ್ತು. ಇಳಿತದಲ್ಲಿ ನೀರು ಸರಿದು ಕೆಸರಷ್ಟೇ ಉಳಿಯುತ್ತಿತ್ತು. ಅದರ ಆಚೆಗೆ ಮರಗಳ ಸಾಲು ಕಾಣುತ್ತಿತ್ತು. ಅದು ಬೇರೊಬ್ಬ ಅರಸನ ಸೀಮೆ.

ಆ ಆಗರದಲ್ಲಿ ಜಟ್ಟ ಎಂಬ ಗುಲಾಮನಿದ್ದ. ಅವನು ಚಿಕ್ಕವನಿದ್ದಾಗ ದಂಡೊಂದು ಬಂದು ಅವನ ಊರಿಗೆ ಬೆಂಕಿಯಿಟ್ಟಿತು. ಸಿಕ್ಕವರನ್ನೆಲ್ಲ ಹಿಡಿದು ಹಂಚಿಕೊಂಡರು. ಜಟ್ಟ ಈ ಒಡೆಯನ ಪಾಲಿಗೆ ಬಂದ. ಊರಿನ ಹೆಸರು ಅವನಿಗೆ ಮರೆತುಹೋಗಿತ್ತು. ತಾಯಿಯ ಮುಖವೂ ಮರೆತಿತ್ತು. ಅವಳು ತನ್ನನ್ನು ಕೂಗುತ್ತಿದ್ದ ಹೆಸರು ಮಾತ್ರ ನೆನಪಿತ್ತು. ಆಗರದಲ್ಲಿ ಅವನನ್ನು ಯಾರೂ ಆ ಹೆಸರಿನಿಂದ ಕರೆಯುತ್ತಿರಲಿಲ್ಲ.

ಅಲ್ಲಿ ಅವನ ಜೊತೆಗೆ ಇದ್ದವನು ಒಬ್ಬ ಕಾವಲುಗಾರ. ಕಾವಲುಗಾರ ಕ್ರೂರಿಯೇನಲ್ಲ. ಕೆಲಸ ಹೇಳುತ್ತಿದ್ದ, ಗಂಜಿ ಹಾಕುತ್ತಿದ್ದ. ಆಳಿನ ಜೊತೆ ಕುಳಿತು ಮಾತಾಡಬಹುದು ಎಂಬುದು ಅವನಿಗೆ ಹೊಳೆದೇ ಇರಲಿಲ್ಲ. ಹೀಗೆ ಜಟ್ಟನಿಗೆ ಮಾತು ಕಡಿಮೆಯಾಗುತ್ತಾ ಬಂತು. ಕೆಲವೊಮ್ಮೆ ತಾನು ಕೊನೆಯ ಸಲ ಮಾತಾಡಿದ್ದು ಯಾವಾಗ ಎಂದು ನೆನಪಿಸಿಕೊಳ್ಳಲು ನೋಡುತ್ತಿದ್ದ. ನೆನಪಾಗುತ್ತಿರಲಿಲ್ಲ.

ಅವನ ಕಾಲಿಗೆ ಸಂಕೋಲೆ ಹಾಕಿರಲಿಲ್ಲ. ಹಾಕುವ ಅಗತ್ಯವಿರಲಿಲ್ಲ. ಸಮುದ್ರದ ಕಡೆಗೆ ಒಡೆಯನ ದೋಣಿಯೊಂದೇ ಬರುತ್ತಿತ್ತು. ಕೆಸರಿನ ಕಡೆಗೆ ಯಾರೂ ಕಾಲಿಡುತ್ತಿರಲಿಲ್ಲ. ಜಟ್ಟನಿಗಿಂತ ಮೊದಲು ಅಲ್ಲಿದ್ದ ಆಳು ಒಂದು ದಿನ ಆ ಕಡೆಗೆ ಓಡಿದ್ದ. ಅವನ ಮುಂಡಾಸು ಮಾತ್ರ ಕೆಸರಿನ ಮೇಲೆ ಉಳಿದಿತ್ತು. ಜಟ್ಟ ಬಂದ ಮೊದಲ ದಿನ ಕಾವಲುಗಾರ ಅವನನ್ನು ಅಂಚಿಗೆ ಕರೆದುಕೊಂಡು ಹೋಗಿ ಅದನ್ನು ತೋರಿಸಿದ್ದ. ಬೇರೇನೂ ಹೇಳಿರಲಿಲ್ಲ.

ಬೆಳಗಾದರೆ ಜಟ್ಟ ಪಾತಿಗಿಳಿದು ಹಲಗೆಯಿಂದ ಉಪ್ಪು ಎಳೆಯುತ್ತಿದ್ದ. ರಾಶಿ ಮಾಡಿ, ಗೋಣಿಗೆ ತುಂಬಿ, ದೋಣಿ ನಿಲ್ಲುವಲ್ಲಿಗೆ ಹೊರುತ್ತಿದ್ದ. ಉಪ್ಪುನೀರಿನಲ್ಲಿ ನಿಂತು ನಿಂತು ಅವನ ಅಂಗಾಲು ಒಡೆದಿತ್ತು. ಹೊರೆ ಹೊತ್ತು ಬೆನ್ನು ಬಾಗಿತು. ಕೆಲಸ ನಿಧಾನವಾಯಿತು. ಆಗ ಒಡೆಯ ಹೊರೆ ಹೊರಲು ಒಂದು ಕತ್ತೆಯನ್ನು ದೋಣಿಯಲ್ಲಿ ಕಳಿಸಿದ. ಒಂದು ಕಿವಿ ಸೀಳಿದ್ದ ಹೆಣ್ಣು ಕತ್ತೆ.

ಕತ್ತೆ ಬಂದ ದಿನ ಜಟ್ಟ ಅದರ ಬೆನ್ನು ನೋಡಿದ. ಹಳೆಯ ಹುಣ್ಣುಗಳಿದ್ದವು. ಹುಣ್ಣಿನ ಮೇಲೆ ಉಪ್ಪಿನ ಗೋಣಿ ಹೇರಿದರೆ ಏನಾಗುತ್ತದೆಂದು ಅವನಿಗೆ ತನ್ನ ಬೆನ್ನಿನಿಂದ ಗೊತ್ತಿತ್ತು. ತಾನು ಹೊದೆಯುವ ಕಂಬಳಿಯನ್ನು ಮಡಚಿ ಅದರ ಬೆನ್ನ ಮೇಲೆ ಹಾಕಿ, ಅದರ ಮೇಲೆ ಗೋಣಿ ಇಟ್ಟ. ಕೆಲಸ ಮುಗಿದ ಮೇಲೆ ತನ್ನ ಪಾಲಿನ ಕುಡಿಯುವ ನೀರಿನಲ್ಲಿ ಸ್ವಲ್ಪ ತೆಗೆದು ಹುಣ್ಣನ್ನು ತೊಳೆದ. ಆಮೇಲೆ ಅದರ ಜೊತೆ ಮಾತಾಡಿದ. ಏನು ಮಾತಾಡಿದನೆಂಬುದು ಮುಖ್ಯವಲ್ಲ. ತನಗೆ ಇನ್ನೂ ಮಾತು ಬರುತ್ತದೆಯೇ ಎಂದು ನೋಡಲು ಮಾತಾಡಿದ. ಕತ್ತೆ ಅವನ ಕಡೆಗೆ ಕಿವಿ ತಿರುಗಿಸಿತು.

ಅಂದಿನಿಂದ ಅವನು ದಿನವೂ ಮಾತಾಡಿದ. ತನ್ನ ಹೆಸರನ್ನು ಅದಕ್ಕೆ ಹೇಳಿದ.

ಮಧ್ಯಾಹ್ನದ ಹೊರೆ ಮುಗಿದ ಮೇಲೆ ಕತ್ತೆಯನ್ನು ಬಿಟ್ಟುಬಿಡುತ್ತಿದ್ದರು. ಅದು ಎಲ್ಲಿಗೆ ಹೋದೀತೆಂದು ಯಾರೂ ಚಿಂತಿಸುತ್ತಿರಲಿಲ್ಲ. ಕಾವಲುಗಾರ ಉಂಡು ಮಲಗುತ್ತಿದ್ದ. ಜಟ್ಟ ಪಾತಿಯಲ್ಲಿ ಬಗ್ಗಿರುತ್ತಿದ್ದ. ಕೆಲವು ದಿನ ಕತ್ತೆ ಉಪ್ಪಿನ ರಾಶಿಗಳ ಹಿಂದೆ ಮರೆಯಾಗುತ್ತಿತ್ತು. ಸಂಜೆಯಾಗುವ ಮೊದಲು ಬಂದು ಅವನ ಪಕ್ಕದಲ್ಲಿ ನಿಲ್ಲುತ್ತಿತ್ತು.

ಒಂದು ಸಂಜೆ ಜಟ್ಟ ಅದರ ಗೊರಸುಗಳನ್ನು ಕಡ್ಡಿಯಿಂದ ಕೆರೆದು ಸ್ವಚ್ಛ ಮಾಡುತ್ತಿದ್ದ. ಮೇಲೆ ಬೂದುಬಣ್ಣದ ಕೆಸರಿತ್ತು. ಅದರ ಒಳಗೆ, ಗೊರಸಿನ ಸಂದಿಯಲ್ಲಿ, ಕೆಂಪು ಮಣ್ಣು ಅಂಟಿತ್ತು.

ಅವನು ಕೈ ನಿಲ್ಲಿಸಿದ. ಆಗರದಲ್ಲಿ ಕೆಂಪು ಮಣ್ಣಿರಲಿಲ್ಲ. ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡಿದ. ಬಾಲ ನೋಡಿದ. ಕೂದಲಿಗೆ ಹುಲ್ಲಿನ ಮುಳ್ಳುಬೀಜ ಸಿಕ್ಕಿಕೊಂಡಿತ್ತು. ಅಂಥ ಹುಲ್ಲು ಉಪ್ಪಿನ ನೆಲದಲ್ಲಿ ಬೆಳೆಯುವುದಿಲ್ಲ. ತಲೆಯೆತ್ತಿ ಕೆಸರಿನ ಆಚೆಗಿದ್ದ ಮರಗಳನ್ನು ನೋಡಿದ.

ಮರುದಿನ ಅವನು ಪಾತಿಯಿಂದಲೇ ಕತ್ತೆಯ ಮೇಲೆ ಕಣ್ಣಿಟ್ಟ. ಇಳಿತದ ಹೊತ್ತು. ಕತ್ತೆ ಅಂಚಿಗೆ ಹೋಗಿ, ತಲೆ ತಗ್ಗಿಸಿ ಮೂಸಿ, ಕೆಸರಿಗೆ ಇಳಿಯಿತು. ಅದು ಮುಳುಗಲಿಲ್ಲ. ಸ್ವಲ್ಪ ದೂರ ನೇರ ಹೋಗಿ ಬಲಕ್ಕೆ ತಿರುಗಿತು. ಮತ್ತೆ ಎಡಕ್ಕೆ ತಿರುಗಿತು. ಯಾವ ಕಾಲದಲ್ಲೋ ಯಾರೋ ಕಟ್ಟಿದ್ದ ಒಡ್ಡೊಂದು ಹೂಳಿನ ಕೆಳಗೆ ಮುಚ್ಚಿಹೋಗಿತ್ತು. ಅದು ಅಂಕುಡೊಂಕಾಗಿ ಆಚೆ ದಡದವರೆಗೂ ಹೋಗಿತ್ತು. ಮನುಷ್ಯರು ಅದನ್ನು ಮರೆತಿದ್ದರು. ಕತ್ತೆಯ ಕಾಲಿಗೆ ಅದು ಸಿಕ್ಕಿತ್ತು.

ಕತ್ತೆ ಮರಗಳ ನಡುವೆ ಮರೆಯಾಯಿತು. ಜಟ್ಟನಿಗೆ ಕೆಲಸ ಮಾಡಲಾಗಲಿಲ್ಲ. ಅದು ಇನ್ನು ಬರುವುದಿಲ್ಲವೆಂದು ಅವನಿಗೆ ಖಾತ್ರಿಯಾಯಿತು. ಅಲ್ಲಿ ಹುಲ್ಲಿದೆ, ಸಿಹಿನೀರಿದೆ. ಇಲ್ಲಿ ಒಣ ಹುಲ್ಲು, ಉಪ್ಪುಗಾಳಿ, ಹೊರೆ. ಯಾವ ಪ್ರಾಣಿ ಹಿಂದಿರುಗುತ್ತದೆ?

ನೀರು ಏರುವುದಕ್ಕೆ ಮೊದಲು ಕತ್ತೆ ಬಂತು. ಬಂದು ಅವನ ಪಕ್ಕದಲ್ಲಿ ನಿಂತಿತು.

ಅವನು ಹಲಗೆ ಕೆಳಗಿಟ್ಟ. ತಾನು ನೋಡಿದ್ದು ಈ ಒಂದು ದಿನ. ಇದು ಎಷ್ಟು ಕಾಲದಿಂದ ಹೀಗೆ ಹೋಗಿ ಹೀಗೆ ಬರುತ್ತಿತ್ತೋ ಗೊತ್ತಿಲ್ಲ. ಅದನ್ನು ಇಲ್ಲಿ ಯಾರೂ ಕಟ್ಟಿಹಾಕಿರಲಿಲ್ಲ. ಅದು ಬರಲು ಒಂದೇ ಕಾರಣವಿತ್ತು. ಆ ಕಾರಣ ತಾನು ಎಂದು ತಿಳಿದಾಗ ಜಟ್ಟ ಅದರ ಕುತ್ತಿಗೆಯ ಮೇಲೆ ಮುಖವಿಟ್ಟು ಅತ್ತ. ಊರಿಗೆ ಬೆಂಕಿ ಬಿದ್ದ ದಿನದ ನಂತರ ಅವನು ಅತ್ತಿರಲಿಲ್ಲ.

ಅವನು ಮರುದಿನವೇ ಓಡಿಹೋದನೆಂದು ನೀನು ಅಂದುಕೊಳ್ಳಬಹುದು. ಹೋಗಲಿಲ್ಲ. ದಾರಿ ಗೊತ್ತಾದ ಮೇಲೂ ಅವನು ಬಹಳ ಕಾಲ ಅಲ್ಲೇ ಇದ್ದ. ಕೆಸರಿನ ಭಯ ಒಂದು. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಆಚೆ ದಡದಲ್ಲಿ ತನ್ನನ್ನು ಕಾಯುತ್ತಿರುವವರು ಯಾರೂ ಇಲ್ಲ. ಅಲ್ಲಿ ಹೋಗಿ ಯಾರೆಂದು ಹೇಳಿಕೊಳ್ಳುವುದು? ಆಗರದಲ್ಲಿ ಕನಿಷ್ಠ ಗಂಜಿಯ ಹೊತ್ತಿಗೆ ಅವನನ್ನು ಕರೆಯುತ್ತಿದ್ದರು. ಹೀಗೆ ದಿನ ಕಳೆಯಿತು. ಕತ್ತೆ ಹೋಗಿ ಬರುತ್ತಿತ್ತು. ಅವನು ಅದರ ಗೊರಸಿನ ಕೆಂಪು ಮಣ್ಣನ್ನು ಕೆರೆದು, ಯಾರಿಗೂ ಕಾಣದ ಹಾಗೆ ನೀರಿಗೆ ಹಾಕುತ್ತಿದ್ದ.

ಒಂದು ದಿನ ಕಾವಲುಗಾರ ಕತ್ತೆಯ ಹಲ್ಲು ನೋಡಿದ. ಆಮೇಲೆ ಜಟ್ಟನಿಗೆ ಹೇಳಿದ:

"ಇದಕ್ಕೆ ವಯಸ್ಸಾಯಿತು. ಮುಂದಿನ ದೋಣಿಯಲ್ಲಿ ಒಡೆಯರು ಬೇರೆ ಕತ್ತೆ ಕಳಿಸುತ್ತಾರೆ. ಇದನ್ನು ತೊಗಲಿಗೆ ಕೊಡುತ್ತಾರಂತೆ."

ಜಟ್ಟ ಆಯಿತೆಂದು ತಲೆಯಾಡಿಸಿದ. ಆ ಮಧ್ಯಾಹ್ನ ಕಾವಲುಗಾರ ಉಂಡು ಮಲಗಿದ. ಬಿಸಿಲಿಗೆ ಪಾತಿಗಳೆಲ್ಲ ಬೆಳ್ಳಗೆ ಹೊಳೆಯುತ್ತಿದ್ದವು. ಕತ್ತೆ ಅಂಚಿಗೆ ಹೋದಾಗ ಜಟ್ಟ ಅದರ ಹಿಂದೆ ಹೋದ. ಅದರ ಬಾಲ ಹಿಡಿದುಕೊಂಡು, ಅದು ಕಾಲಿಟ್ಟಲ್ಲೇ ಕಾಲಿಟ್ಟ. ನಡುವೆ ಹಳೆಯ ಮುಂಡಾಸಿನ ಚೂರೊಂದು ಕೆಸರಿನಲ್ಲಿ ಅರ್ಧ ಹೂತು ಕಂಡಿತು. ಒಡ್ಡಿನಿಂದ ಅದು ಕೈಗೆಟುಕುವಷ್ಟೇ ದೂರದಲ್ಲಿತ್ತು. ಆ ಮನುಷ್ಯನಿಗೆ ಮುಂದೆ ನಡೆಯುವವರು ಯಾರೂ ಇರಲಿಲ್ಲ. ಜಟ್ಟ ನಿಲ್ಲಲಿಲ್ಲ.

ಆಚೆ ದಡದಲ್ಲಿ ಮೀನುಗಾರರ ಒಂದು ಹಳ್ಳಿಯಿತ್ತು. ಬಲೆ ಒಣಗಿಸುತ್ತಿದ್ದವರು ಸೊಂಟದವರೆಗೆ ಕೆಸರಾಗಿದ್ದ ಮನುಷ್ಯನನ್ನೂ ಕತ್ತೆಯನ್ನೂ ಕಂಡು ಎದ್ದು ನಿಂತರು. ಊರಿನ ಹಿರಿಯ ಕುಪ್ಪಯ್ಯ ಅವನನ್ನು ಕೂರಿಸಿ, ನೀರು ಕೊಡಿಸಿ, ಹೆಸರು ಕೇಳಿದ. ಜಟ್ಟನಿಗೆ ತಕ್ಷಣ ಹೇಳಲಾಗಲಿಲ್ಲ. ಮನುಷ್ಯರೊಬ್ಬರು ಅದನ್ನು ಕೇಳಿ ಬಹಳ ವರ್ಷಗಳಾಗಿತ್ತು. ಹೇಳಿದ ಮೇಲೆ ಕುಪ್ಪಯ್ಯ ಆ ಹೆಸರಿನಿಂದಲೇ ಅವನನ್ನು ಊಟಕ್ಕೆ ಕರೆದ.

ಆ ಸೀಮೆಯಲ್ಲಿ ಒಂದು ಕಟ್ಟಳೆಯಿತ್ತು. ತಾನಾಗಿ ಗಡಿ ದಾಟಿ ಬಂದ ಮನುಷ್ಯನನ್ನು ಯಾರು ಕೇಳಿದರೂ ಹಿಂದಕ್ಕೆ ಕೊಡುವಂತಿರಲಿಲ್ಲ. ಕುಪ್ಪಯ್ಯ ಅವನಿಗೆ ಅದನ್ನು ತಿಳಿಸಿ, ಇನ್ನು ಹೆದರಬೇಡ ಎಂದ. ಊರವರು ತೆಂಗಿನ ಗರಿಯ ಗುಡಿಸಲು ಹಾಕಿಕೊಟ್ಟರು. ಜಟ್ಟ ಬಲೆ ನೇಯುವುದನ್ನು ಕಲಿತ. ಕತ್ತೆ ಹೊರೆಯಿಲ್ಲದೆ ಮೇಯುತ್ತಿತ್ತು. ಊರವರು ಒಳ್ಳೆಯವರು. ಆದರೆ ಅವರ ಮಾತುಗಳೆಲ್ಲ ಹಳೆಯ ಮದುವೆಗಳು, ಹಳೆಯ ಜಗಳಗಳು, ಸತ್ತವರು, ಹುಟ್ಟಿದವರು ಇವುಗಳ ಸುತ್ತ ಇರುತ್ತಿದ್ದವು. ಜಟ್ಟ ಪಕ್ಕದಲ್ಲಿ ಕುಳಿತು ಕೇಳುತ್ತಿದ್ದ. ಅವನಿಗೆ ಹೇಳಲು ಏನೂ ಇರಲಿಲ್ಲ. ಗುಡಿಸಲಿಗೆ ಬಂದು ಕತ್ತೆಯ ಜೊತೆ ಮಾತಾಡುತ್ತಿದ್ದ.

ಕೆಲವು ಕಾಲದ ಮೇಲೆ ಆಗರದ ಕಾವಲುಗಾರ ಸುದ್ದಿ ತಿಳಿದು ಸಮುದ್ರದ ದಾರಿಯಲ್ಲಿ ದೋಣಿಯಿಂದ ಬಂದ. ಅವನು ಜಟ್ಟನನ್ನು ಕೇಳಲಿಲ್ಲ. ಕತ್ತೆಯನ್ನು ಕೇಳಿದ. ಮನುಷ್ಯ ದಾಟಿ ಬಂದರೆ ನಿಮ್ಮ ಕಟ್ಟಳೆ, ಸರಿ. ಆದರೆ ಕತ್ತೆ ನಮ್ಮ ಒಡೆಯರದ್ದು, ತಪ್ಪಿಸಿಕೊಂಡ ದನಕರುವನ್ನು ಹಿಂದಕ್ಕೆ ಕೊಡುವುದು ಎಲ್ಲ ಸೀಮೆಯಲ್ಲೂ ಇದ್ದದ್ದೇ, ಎಂದ. ಕುಪ್ಪಯ್ಯನಿಗೆ ಅಲ್ಲವೆನ್ನಲಾಗಲಿಲ್ಲ.

ಕುಪ್ಪಯ್ಯ ಜಟ್ಟನ ಗುಡಿಸಲಿಗೆ ಬಂದು ಮೆಲ್ಲಗೆ ಹೇಳಿದ:

"ಆ ಮುದಿ ಕತ್ತೆ ಅವರಿಗೆ ಬೇಕಾಗಿಲ್ಲ ಮಾರಾಯ. ಅದರ ಹಿಂದೆ ನೀನು ಬರಲಿ ಎಂದು ಒಯ್ಯುತ್ತಿದ್ದಾರೆ. ನೀನು ಹೋಗಬೇಡ."

ಕಾವಲುಗಾರನ ದನಿ ಕೇಳಿದ ಕೂಡಲೇ ಜಟ್ಟ ಗುಡಿಸಲಿನ ಒಳಮೂಲೆಗೆ ಹೋಗಿ ಕುಳಿತಿದ್ದ. ಹೊರಗೆ ಕತ್ತೆಯ ಕುತ್ತಿಗೆಗೆ ಹಗ್ಗ ಹಾಕುವುದು ಕೇಳಿಸಿತು. ಕತ್ತೆ ಗುಡಿಸಲಿನ ಬಾಗಿಲ ಮುಂದೆ ನಿಂತುಬಿಟ್ಟಿತು. ಕಾವಲುಗಾರ ಎಳೆದ. ಅದು ಕದಲಲಿಲ್ಲ. ಜಟ್ಟ ಒಳಗಿನಿಂದ ಅದರ ಕಾಲುಗಳನ್ನು ನೋಡಿದ. ಎದ್ದು ಹೋಗಬೇಕೆಂದುಕೊಂಡ. ಏಳಲಿಲ್ಲ. ಅದಕ್ಕೆ ದಾರಿ ಗೊತ್ತಿದೆ, ನಾಳೆ ಇಳಿತದಲ್ಲಿ ಬಂದೇ ಬರುತ್ತದೆ, ಎಂದು ತನಗೆ ತಾನೇ ಹೇಳಿಕೊಂಡ. ಸ್ವಲ್ಪ ಹೊತ್ತಿಗೆ ಆ ಕಾಲುಗಳು ಬಾಗಿಲಿನಿಂದ ಸರಿದವು.

ಮರುದಿನ ಅವನು ದಡದಲ್ಲಿ ಕಾದ. ಕತ್ತೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಗಾಳಿ ಆಗರದ ಕಡೆಯಿಂದ ಬೀಸಿದಾಗ ಅದರ ಕೂಗು ಕೇಳಿಸುತ್ತಿತ್ತು. ಮೂರು ನಾಲ್ಕು ಸಲ ಕೂಗಿ ನಿಲ್ಲಿಸುತ್ತಿತ್ತು. ಊರವರಿಗೂ ಅದು ಕೇಳಿಸುತ್ತಿತ್ತು. ಅವರು ಜಟ್ಟನ ಮುಖ ನೋಡುತ್ತಿರಲಿಲ್ಲ.

ಜಟ್ಟ ಕೆಸರಿಗೆ ಇಳಿಯಲು ಶುರುಮಾಡಿದ. ಮೊದಲು ದಡದಿಂದ ಸ್ವಲ್ಪವೇ ದೂರ. ಅಲ್ಲಿ ನಿಂತು ಕಾದು, ನೀರು ಏರುವ ಮೊದಲು ಹಿಂದಿರುಗುತ್ತಿದ್ದ. ಮರುದಿನ ಇನ್ನಷ್ಟು ದೂರ. ಬಂದರೆ ಎದುರು ಸಿಗಲಿ ಎಂಬುದಷ್ಟೇ ಅವನ ಆಸೆ. ಹಾಗೆ ಹೋಗಿ ಬಂದು ಒಡ್ಡಿನ ತಿರುವುಗಳು ಅವನ ಕಾಲಿಗೆ ತಿಳಿದವು. ಒಂದು ದಿನ ಆಗರ ಕಣ್ಣಿಗೆ ಸ್ಪಷ್ಟವಾಗಿ ಕಾಣುವಷ್ಟು ಹತ್ತಿರ ಹೋದ. ಉಪ್ಪಿನ ರಾಶಿಯ ಪಕ್ಕದಲ್ಲಿ ಕತ್ತೆ ನಿಂತಿತ್ತು. ಅದರ ಮುಂಗಾಲುಗಳನ್ನು ಒಂದಕ್ಕೊಂದು ಬಿಗಿದು ಕಟ್ಟಿದ್ದರು. ಕಾವಲುಗಾರ ನೆರಳಿನಲ್ಲಿ ಕುಳಿತಿದ್ದ. ಅವನ ಮುಖ ಕೆಸರಿನ ಕಡೆಗಿತ್ತು. ಜಟ್ಟ ಹಿಂದಿರುಗಿದ. ಅಂದು ಊಟ ಮಾಡಲಿಲ್ಲ.

ಮಳೆಗಾಲಕ್ಕೆ ಇನ್ನೂ ದಿನಗಳಿದ್ದಾಗ ಒಂದು ಮಧ್ಯಾಹ್ನ ಮೋಡ ಕವಿಯಿತು. ಉಪ್ಪಿನ ಕೆಲಸ ಮಾಡಿದವನಿಗೆ ಅದರ ಅರ್ಥ ಗೊತ್ತು. ಮಳೆ ಬಿದ್ದರೆ ರಾಶಿ ಕರಗುತ್ತದೆ. ಆಗರದಲ್ಲಿರುವವರೆಲ್ಲ ಎಲ್ಲ ಕೆಲಸ ಬಿಟ್ಟು ರಾಶಿಗಳಿಗೆ ಗರಿ ಹೊದಿಸಲು ಓಡಬೇಕು. ಆ ಹೊತ್ತಿನಲ್ಲಿ ಯಾರೂ ಕೆಸರಿನ ಕಡೆಗೆ ನೋಡುವುದಿಲ್ಲ. ಜಟ್ಟ ಕೈಯಲ್ಲಿದ್ದ ಬಲೆಯನ್ನು ಕೆಳಗಿಟ್ಟ. ಅವನು ಕೆಸರಿಗೆ ಇಳಿದದ್ದನ್ನು ಕುಪ್ಪಯ್ಯ ದೂರದಿಂದ ನೋಡಿದ. ತಡೆಯಲು ಬರಲಿಲ್ಲ.

ಹನಿ ಬೀಳತೊಡಗಿದಾಗ ಜಟ್ಟ ಆಗರದ ಅಂಚಿಗೆ ತಲುಪಿದ್ದ. ಅವನ ಎಣಿಕೆ ಸರಿಯಾಗಿತ್ತು. ಕಾವಲುಗಾರ ದೂರದ ರಾಶಿಯ ಮೇಲಿದ್ದ. ಜಟ್ಟ ಬಗ್ಗಿಕೊಂಡು ಕತ್ತೆಯ ಬಳಿಗೆ ಹೋದ. ಕತ್ತೆ ಕೂಗಲಿಲ್ಲ. ಅವನ ಹೆಗಲಿಗೆ ಮೂತಿ ಒರೆಸಿತು. ಅವನು ಕಾಲಿನ ಹಗ್ಗವನ್ನು ಕೊಯ್ದ. ಹಗ್ಗ ಚರ್ಮದೊಳಗೆ ಇಳಿದಿತ್ತು. ಒಂದು ಕಾಲು ಊದಿ ದಪ್ಪವಾಗಿತ್ತು. ಅದನ್ನು ಊರಲು ಕತ್ತೆಗೆ ಆಗುತ್ತಿರಲಿಲ್ಲ.

ತಲೆಯೆತ್ತಿದಾಗ ಎದುರಿಗೆ ಒಬ್ಬ ಮನುಷ್ಯ ನಿಂತಿದ್ದ. ಹೆಗಲ ಮೇಲೆ ಗರಿಯ ಹೊರೆಯಿತ್ತು. ಅಂಗಾಲು ಇನ್ನೂ ಹೊಸದಾಗಿ ಒಡೆಯುತ್ತಿತ್ತು. ಜಟ್ಟನ ಜಾಗಕ್ಕೆ ಒಡೆಯ ತಂದುಹಾಕಿದ ಆಳು ಅವನು. ಅವನು ಒಂದು ಸಲ ಕೂಗಿದರೆ ಸಾಕಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಆ ಕಡೆ ದಾರಿ ಇದೆಯೇ?" ಎಂದು ಆ ಮನುಷ್ಯ ಕೇಳಿದ.

"ಇದೆ."

ಅವನು ಗರಿಯ ಹೊರೆಯನ್ನು ಸದ್ದಾಗದ ಹಾಗೆ ಕೆಳಗಿಟ್ಟ.

ಜಟ್ಟ ಬಂದದ್ದು ಕತ್ತೆಗಾಗಿ. ಈ ಮನುಷ್ಯನ ಬಗ್ಗೆ ಅವನು ಒಂದು ಸಲವೂ ಯೋಚಿಸಿರಲಿಲ್ಲ. ತನ್ನ ಜಾಗದಲ್ಲಿ ಇನ್ನೊಬ್ಬ ಬಂದಿರುತ್ತಾನೆ ಎಂಬುದೂ ಹೊಳೆದಿರಲಿಲ್ಲ. ಈಗ ಬೇಡವೆನ್ನಲು ಬಾಯಿ ಬರಲಿಲ್ಲ. ನನ್ನ ಹಿಂದೆ ಬಾ, ನಾನು ಕಾಲಿಟ್ಟಲ್ಲೇ ಕಾಲಿಡು, ಎಂದ. ಕತ್ತೆಯ ಕುತ್ತಿಗೆಯ ಹಗ್ಗವನ್ನು ತನ್ನ ಕೈಗೆ ಸುತ್ತಿಕೊಂಡ.

ಮಳೆ ಜೋರಾಯಿತು. ಮೊದಲು ಜಟ್ಟ, ಅವನ ಬದಿಗೆ ಕತ್ತೆ, ಹಿಂದೆ ಆ ಮನುಷ್ಯ. ಕತ್ತೆ ಮೂರು ಕಾಲಿನಲ್ಲಿ ಕುಂಟುತ್ತಾ ಬಂತು. ಅದಕ್ಕಾಗಿ ಅವರು ಮತ್ತೆ ಮತ್ತೆ ನಿಲ್ಲಬೇಕಾಯಿತು. ಇಳಿತ ಮುಗಿಯುತ್ತಾ ಬಂತು. ಒಡ್ಡಿನ ಮೇಲೆ ನೀರು ಹಾಯತೊಡಗಿತು. ಪಾದ ಮುಳುಗಿತು, ಆಮೇಲೆ ಮೊಣಕಾಲು. ಕಾಲಿಡುವ ಜಾಗ ಕಣ್ಣಿಗೆ ಕಾಣದಾಯಿತು.

ಅರ್ಧಕ್ಕಿಂತ ಹೆಚ್ಚು ದಾರಿ ಕಳೆದ ಮೇಲೆ, ಒಂದು ತಿರುವಿನಲ್ಲಿ ಆ ಮನುಷ್ಯನ ಕಾಲು ತಪ್ಪಿತು. ಎದೆಯವರೆಗೆ ಕೆಸರಿನಲ್ಲಿ ಇಳಿದ. ಅವನು ಕೂಗಲಿಲ್ಲ. ಜಟ್ಟನ ಕಡೆಗೆ ಕೈ ಚಾಚಿದ. ಜಟ್ಟ ಒಂದು ಕೈಯಿಂದ ಎಳೆದ. ಅವನು ಬರಲಿಲ್ಲ. ಎರಡು ಕೈಯೂ ಬೇಕಾಗಿತ್ತು.

ಜಟ್ಟ ಕತ್ತೆಯನ್ನು ನೋಡಿದ. ಕೈಗೆ ಸುತ್ತಿದ್ದ ಹಗ್ಗವನ್ನು ಬಿಚ್ಚಿ ಬಿಟ್ಟ.

ಆ ಮನುಷ್ಯನನ್ನು ಮೇಲಕ್ಕೆ ತೆಗೆಯಲು ಬಹಳ ಹೊತ್ತು ಹಿಡಿಯಿತು. ತೆಗೆದು ಒಡ್ಡಿನ ಮೇಲೆ ನಿಲ್ಲಿಸಿ ತಿರುಗಿದಾಗ ನೀರಿನ ಸೆಳೆತ ಕತ್ತೆಯನ್ನು ಒಡ್ಡಿನಿಂದ ಸರಿಸಿತ್ತು. ಅದು ತಲೆಯನ್ನು ನೀರಿನ ಮೇಲೆ ಎತ್ತಿ ಹಿಡಿದು ಅವನ ಕಡೆಗೇ ಬರಲು ನೋಡುತ್ತಿತ್ತು. ಊದಿದ ಕಾಲು ಕೆಲಸ ಮಾಡಲಿಲ್ಲ. ಜಟ್ಟ ಕರೆದ. ಅದರ ಕಿವಿ ಅವನ ಕಡೆಗೆ ತಿರುಗಿತು. ಅವನು ನೀರಿಗೆ ಹಾರಲು ಹೋದ. ಹಿಂದಿದ್ದ ಮನುಷ್ಯ ಅವನ ತೋಳನ್ನು ಹಿಡಿದುಕೊಂಡಿದ್ದ. ತಡೆಯಲಿಕ್ಕಲ್ಲ. ಅವನಿಗೆ ಕಾಲು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಬಿಟ್ಟರೆ ಅವನು ಸಾಯುತ್ತಿದ್ದ.

ಜಟ್ಟ ಮುಂದೆ ನಡೆದ. ದಡ ಮುಟ್ಟುವವರೆಗೆ ತಿರುಗಿ ನೋಡಲಿಲ್ಲ. ಮುಟ್ಟಿದ ಮೇಲೆ ನೋಡಿದಾಗ ಬಯಲಿನ ತುಂಬ ನೀರಿತ್ತು, ನೀರಿನ ಮೇಲೆ ಮಳೆಯಿತ್ತು, ಬೇರೇನೂ ಇರಲಿಲ್ಲ.

ಆ ಮನುಷ್ಯನ ಹೆಸರು ಕೆಂಚ. ಮಳೆ ನಿಂತ ಮೇಲೆ ಅವನು ತನ್ನ ವಿಷಯ ಹೇಳಿದ. ಘಟ್ಟದ ಮೇಲೆ ಅವನಿಗೆ ಊರಿತ್ತು, ಹೆಂಡತಿಯಿದ್ದಳು. ಅವಳು ಇನ್ನೂ ಬಾಗಿಲಿಗೆ ಬಂದು ನೋಡುತ್ತಿರುತ್ತಾಳೆ ಎಂದ. ಜಟ್ಟನನ್ನೂ ಬಾ ಎಂದು ಕರೆದ. ನನ್ನ ಮನೆಯಲ್ಲೇ ಇರು, ನನ್ನ ಒಡಹುಟ್ಟಿದವನ ಹಾಗೆ ಇರು, ಎಂದು ಬೇಡಿಕೊಂಡ. ಜಟ್ಟ ಬರುವುದಿಲ್ಲವೆಂದ. ಕಾರಣ ಕೇಳಿದ್ದಕ್ಕೆ, ಒಡೆಯ ನಿನ್ನ ಜಾಗಕ್ಕೆ ಇನ್ನೊಬ್ಬನನ್ನು ತರುತ್ತಾನೆ, ಎಂದಷ್ಟೇ ಹೇಳಿದ. ಕೆಂಚ ಅವನ ಕಾಲು ಮುಟ್ಟಿ ಹೊರಟುಹೋದ.

ಒಡೆಯ ಇನ್ನೊಬ್ಬನನ್ನು ತಂದ. ಜಟ್ಟ ಒಂದು ಇಳಿತದ ಹೊತ್ತಿನಲ್ಲಿ ಹೋಗಿ ಅವನನ್ನು ಕರೆತಂದ. ಒಡೆಯ ಮತ್ತೊಬ್ಬನನ್ನು ತಂದ, ಕಾವಲು ಹೆಚ್ಚಿಸಿದ, ಕಾಲಿಗೆ ಸಂಕೋಲೆಯನ್ನೂ ಹಾಕಿಸಿದ. ಜಟ್ಟ ಅದನ್ನು ಉಜ್ಜಿ ಕತ್ತರಿಸಲು ಅರ ತೆಗೆದುಕೊಂಡು ಹೋದ. ಒಂದು ಸಲ ಸಿಕ್ಕಿಬಿದ್ದ. ಬೆನ್ನಿನ ಮೇಲೆ ಅದರ ಗುರುತು ಉಳಿಯಿತು. ತಪ್ಪಿಸಿಕೊಂಡು ಬರುವಾಗ ಜೊತೆಗೆ ಆಳನ್ನೂ ಕರೆದುಕೊಂಡೇ ಬಂದ. ಕೊನೆಗೆ ಆ ಆಗರದಲ್ಲಿ ಆಳುಗಳು ನಿಲ್ಲುವುದಿಲ್ಲವೆಂದು ಒಡೆಯ ಅದನ್ನು ಬಿಟ್ಟುಬಿಟ್ಟ. ಪಾತಿಗಳಲ್ಲಿ ನೀರು ನಿಂತಿತು.

ದಾಟಿ ಬಂದವರೆಲ್ಲ ತಮ್ಮ ತಮ್ಮ ಊರಿಗೆ ಹೋದರು. ಒಬ್ಬಿಬ್ಬರು ಮೊದಮೊದಲು ಹೇಳಿ ಕಳಿಸುತ್ತಿದ್ದರು. ಆಮೇಲೆ ಅದೂ ನಿಂತಿತು. ಜಟ್ಟ ಮುದುಕನಾದ. ಕುಪ್ಪಯ್ಯ ತೀರಿಕೊಂಡ ಮೇಲೆ ಊರಿನಲ್ಲಿ ಅವನನ್ನು ಚೆನ್ನಾಗಿ ಬಲ್ಲವರು ಉಳಿಯಲಿಲ್ಲ. ಆಗರ ಬರಿದಾದ ಮೇಲೂ ಅವನು ಇಳಿತದ ಹೊತ್ತಿಗೆ ದಡಕ್ಕೆ ಬಂದು ಕೂರುತ್ತಿದ್ದ. ಕೆಸರಿನ ಮೇಲೆ ಕೊಕ್ಕರೆಗಳು ನಡೆಯುವುದನ್ನು ನೋಡುತ್ತಿದ್ದ. ತುಟಿ ಅಲುಗುತ್ತಿತ್ತು. ಯಾರ ಜೊತೆ ಮಾತಾಡುತ್ತಾನೆಂದು ಊರಿನ ಹೊಸ ಸೊಸೆಯರಿಗೆ ತಿಳಿಯುತ್ತಿರಲಿಲ್ಲ. ನೀರು ಏರಿದ ಮೇಲೆ ಎದ್ದು ಗುಡಿಸಲಿಗೆ ಹೋಗುತ್ತಿದ್ದ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಮರಿದೇವ ಹೇಳಿದ: "ಗುರುಗಳೇ, ಅವನು ಕತ್ತೆಯ ಬಾಲ ಹಿಡಿದು ಮೊದಲ ಸಲ ದಾಟಿದಾಗಲೇ ಅವನ ಬಿಡುಗಡೆ ಮುಗಿದಿತ್ತು. ಆ ಕತ್ತೆಯ ಮೇಲಿನ ಮೋಹ ಅವನನ್ನು ಮತ್ತೆ ಅದೇ ಕೆಸರಿಗೆ ಎಳೆಯಿತು. ಕೊನೆಗೆ ಅವನಿಗೆ ಕತ್ತೆಯೂ ಸಿಗಲಿಲ್ಲ, ನೆಮ್ಮದಿಯೂ ಸಿಗಲಿಲ್ಲ. ಸಿಕ್ಕ ಬಿಡುಗಡೆಯನ್ನು ಅವನು ಕಳೆದುಕೊಂಡ ಹಾಗಾಯಿತಲ್ಲವೇ?"

ಗುರುಗಳು ಅವನ ಮುಖ ನೋಡಿ ಹೇಳಿದರು:

"ಮೊದಲ ಸಲ ಅವನು ಓಡಿಬಂದನಷ್ಟೇ, ಮರಿದೇವ. ಬಿಡುಗಡೆಯಾದದ್ದು ಹಿಂದಿರುಗಿ ಹೋದ ದಿನ."